ತಬ್ಬಲಿ ಮಕ್ಕಳೂ ದೂರದ ಕರುಣೆಯೂ

ಕಾರವಾರದ ಬೈತಖೋಲಕ್ಕೆ ಆ ಹೆಸರು ಬಂದದ್ದು ಅರಬ್ಬಿ ಮಾತಿನಿಂದ, ಅದರ ಅರ್ಥ 'ಸುರಕ್ಷಿತ ಕೊಲ್ಲಿ' ಎಂದು ಹೇಳುವುದುಂಟು. ಈ ವ್ಯುತ್ಪತ್ತಿ ಸರಿಯೋ ತಪ್ಪೋ, ಜಾಗವಂತೂ ಆ ಹೆಸರಿಗೆ ತಕ್ಕುದಾಗಿದೆ. ಸುತ್ತ ಗುಡ್ಡದ ಮರೆ, ಕೆಳಗೆ ಆಳವಾದ ನೀರು. ಹೊರಗಿನ ಕಡಲು ಕೆರಳಿದಾಗಲೂ ಒಳಗೆ ದೋಣಿಗಳು ನೆಮ್ಮದಿಯಾಗಿ ನಿಲ್ಲಬಲ್ಲವು. 1638ರಲ್ಲಿ ಕೋರ್ಟೀನ್ ಸಂಘದ ಇಂಗ್ಲಿಷ್ ವರ್ತಕರು ಕಾರವಾರದಲ್ಲಿ ಕೋಠಿ ತೆರೆದದ್ದು ಈ ಕಡಲಿನ ಅನುಕೂಲವನ್ನು ಕಂಡೇ. 1862ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿ, ಕಾರವಾರ ಜಿಲ್ಲೆಯ ಮುಖ್ಯ ಪಟ್ಟಣವಾಯಿತು. ಆಮೇಲೆ ಮುಂಬಯಿಯ ಉಗಿಹಡಗುಗಳು ಈ ಕರಾವಳಿಯ ಹೆದ್ದಾರಿಗಳಾದವು.

ಬಂದರಿನಿಂದ ಮೆಣಸು, ಅರಿವೆ, ಮರ ಹೊರಟವು ಎಂಬುದನ್ನು ಶಾಲೆಯ ಪುಸ್ತಕಗಳು ಹೇಳುತ್ತವೆ. ಆದರೆ ಕಡಲ ದಾರಿಯಲ್ಲಿ ಬಂದದ್ದು ಸರಕು ಮಾತ್ರವಲ್ಲ. ಗುಲಾಮರು ಬಂದರು, ಪಾದ್ರಿಗಳು ಬಂದರು, ರೋಗಗಳೂ ಬಂದವು. ರೋಗವೋ ಬರವೋ ತಂದೆತಾಯಿಯರನ್ನು ಕೊಂಡೊಯ್ದ ಮೇಲೆ ಉಳಿದ ಮಗುವನ್ನು ಯಾರು ಎತ್ತಿಕೊಳ್ಳಬೇಕು? ಎತ್ತಿಕೊಂಡವರು ಅದಕ್ಕೆ ಬದಲಾಗಿ ಏನನ್ನು ಕೇಳುತ್ತಾರೆ? ಅವರು ಕೈಬಿಟ್ಟರೆ ಮಗುವಿನ ಗತಿಯೇನು? ಎಂಬತ್ತರ ದಶಕದಿಂದೀಚೆಗೆ ಏಡ್ಸ್ ಆಫ್ರಿಕದಲ್ಲಿ ಲಕ್ಷಾಂತರ ಮಕ್ಕಳನ್ನು ತಬ್ಬಲಿ ಮಾಡಿದಾಗ, ಅವರ ನೆರವಿಗೆಂದು ಕ್ರೈಸ್ತ ಮಿಷನ್ನುಗಳು ವಿಮಾನವೇರಿದಾಗ, ಜಗತ್ತು ಕೇಳಿದ ಪ್ರಶ್ನೆಗಳು ಇವೇ. ಕನ್ನಡ ನಾಡಿನ ಮಟ್ಟಿಗೆ ಇವು ಹೊಸ ಪ್ರಶ್ನೆಗಳೇನೂ ಅಲ್ಲ. ನೂರೈವತ್ತು ವರ್ಷಗಳ ಹಿಂದೆಯೇ ನಮ್ಮ ಊರುಗಳಲ್ಲಿ ಇವು ಏಳಬೇಕಾಗಿ ಬಂದಿತ್ತು.

ಗುಲಾಮರಾಗಿ ಬಂದವರು

ಆಫ್ರಿಕ ಎಂದೊಡನೆ ಅದು ನಮಗೆ ಸಂಬಂಧವಿಲ್ಲದ ದೂರದ ನೆಲ ಎಂದು ಭಾವಿಸುವವರು ಉತ್ತರ ಕನ್ನಡದ ಕಾಡಿನ ಅಂಚಿಗೆ ಹೋಗಿ ನೋಡಬೇಕು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳಲ್ಲಿ ನೆಲೆಸಿರುವ ಸಿದ್ದಿಗಳ ಪೂರ್ವಿಕರು ಆಫ್ರಿಕದವರು. ಪೋರ್ಚುಗೀಸರ ಕಾಲದಲ್ಲಿ ಪೂರ್ವ ಆಫ್ರಿಕದಿಂದ ಗೋವೆಗೆ ಗುಲಾಮರನ್ನು ಹಡಗಿನಲ್ಲಿ ತುಂಬಿ ತರಲಾಗುತ್ತಿತ್ತು. ಅವರಲ್ಲಿ ಮಕ್ಕಳೂ ಇದ್ದರು. ಗೋವೆಯ ಒಡೆಯರಿಂದ ಬಿಡುಗಡೆ ಪಡೆದವರು, ತಪ್ಪಿಸಿಕೊಂಡು ಬಂದವರು ಘಟ್ಟದ ದಟ್ಟ ಕಾಡಿನಲ್ಲಿ ಆಸರೆ ಕಂಡರು. ಇಂದು ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ಯಾಥೊಲಿಕ್ ಕ್ರೈಸ್ತರಿದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು.

ಆ ಹಡಗುಗಳ ಯಜಮಾನರು ಕ್ರೈಸ್ತರು ಎಂಬುದನ್ನು ಇಲ್ಲಿ ಮರೆಯುವಂತಿಲ್ಲ. ಗುಲಾಮನಿಗೆ ದೀಕ್ಷಾಸ್ನಾನ ಕೊಟ್ಟು ಹೊಸ ಹೆಸರಿಡುವುದು, ಮತ್ತೆ ಅವನನ್ನೇ ಮಾರುವುದು ಎರಡೂ ಆ ಕಾಲದಲ್ಲಿ ಜೊತೆಜೊತೆಯಾಗಿ ನಡೆದವು. ಮುಂದೆ ಅದೇ ಶಿಲುಬೆಯ ಹೆಸರಿನಲ್ಲಿ ಆಸ್ಪತ್ರೆಗಳು, ಶಾಲೆಗಳು, ಅನಾಥಾಲಯಗಳು ಬಂದವು. ಮಿಷನ್ನಿನ ಚರಿತ್ರೆಯನ್ನು ಬರೆಯುವವರು ಇವೆರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಂಡರೆ ಅರ್ಧ ಸತ್ಯವನ್ನು ಬರೆದಂತಾಗುತ್ತದೆ.

ಧಾತು–ಈಶ್ವರ ಬರ

ಬಾಸೆಲ್ ಮಿಷನ್ನಿನ ಮೊದಲ ಮೂವರು ಪಾದ್ರಿಗಳಾದ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ 1834ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಮೂರು ವರ್ಷಗಳಲ್ಲಿ ಧಾರವಾಡ, ಬಳಿಕ ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡ ಹೀಗೆ ಅವರ ಕೇಂದ್ರಗಳು ಉತ್ತರಕ್ಕೆ ಹಬ್ಬಿದವು. ಕನ್ನಡಿಗರು ಈ ಮಿಷನ್ನನ್ನು ನೆನೆಯುವುದು 1843ರ 'ಮಂಗಳೂರು ಸಮಾಚಾರ'ಕ್ಕಾಗಿ, 1894ರ ಕಿಟ್ಟೆಲ್ ನಿಘಂಟಿಗಾಗಿ, ಮಂಗಳೂರು ಹೆಂಚಿಗಾಗಿ. ಹಸಿದ ಮಕ್ಕಳ ಅಧ್ಯಾಯ ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ.

ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876ರಿಂದ 1878ರವರೆಗೆ, ದಕ್ಷಿಣ ಭಾರತವನ್ನು ಬಡಿದ ಬರ ಎಂಥದೆಂಬುದನ್ನು ಮೈಸೂರು ಸಂಸ್ಥಾನದ ಜನಗಣತಿಯೇ ಹೇಳುತ್ತದೆ. 1871ರಲ್ಲಿ ಅಲ್ಲಿನ ಜನಸಂಖ್ಯೆ 50 ಲಕ್ಷ ದಾಟಿತ್ತು. ಹತ್ತು ವರ್ಷ ಬಿಟ್ಟು ಎಣಿಸಿದಾಗ ಸಿಕ್ಕವರು 42 ಲಕ್ಷಕ್ಕೂ ಕಡಮೆ. ಮುಂಬಯಿ ಕರ್ನಾಟಕದ ಜಿಲ್ಲೆಗಳಲ್ಲೂ ಊರಿಗೆ ಊರೇ ಗುಳೆ ಎದ್ದಿತು. ದಾರಿಯಲ್ಲಿ ಹಿರಿಯರು ಸತ್ತು ಮಕ್ಕಳು ಉಳಿದರು. ಹೀಗೆ ಉಳಿದವರಲ್ಲಿ ಎಷ್ಟೋ ಮಂದಿಯನ್ನು ಮಿಷನ್ನಿನವರು ತಮ್ಮ ಅನಾಥಾಲಯಗಳಿಗೆ ಕರೆದುಕೊಂಡರು. ಸರ್ಕಾರಕ್ಕೂ ಅದು ಅನುಕೂಲವೇ ಆಯಿತು. ಮಕ್ಕಳನ್ನು ಸಾಕುವ ಹೊಣೆ ತಪ್ಪಿತು.

ಅಲ್ಲಿ ಅವರಿಗೆ ಗಂಜಿ ಸಿಕ್ಕಿತು, ಅಕ್ಷರ ಸಿಕ್ಕಿತು, ಬೈಬಲ್ ಸಿಕ್ಕಿತು, ಕೈಗೊಂದು ಕಸುಬೂ ಸಿಕ್ಕಿತು. ಬಾಸೆಲ್ ಮಿಷನ್ನಿನ ವೈಶಿಷ್ಟ್ಯವೇ ಈ ಕಸುಬು. ಮತಾಂತರಗೊಂಡವರನ್ನು ಜಾತಿ ಹೊರಹಾಕಿದಾಗ ಅವರ ಕುಲಕಸುಬೂ ಹೋಗುತ್ತಿತ್ತು. ಅವರ ಹೊಟ್ಟೆಪಾಡಿಗೆಂದು ಮಿಷನ್ ಮಗ್ಗಗಳನ್ನು, 1865ರಿಂದ ಹೆಂಚಿನ ಕಾರ್ಖಾನೆಯನ್ನು ನಡೆಸಿತು. ಅನಾಥಾಲಯದ ಹುಡುಗ ಬೆಳೆದು ಮಿಷನ್ನಿನ ಕಾರ್ಖಾನೆ ಸೇರುವುದು, ಮಿಷನ್ನಿನ ಹುಡುಗಿಯನ್ನೇ ಮದುವೆಯಾಗುವುದು ಸಹಜ ಕ್ರಮವಾಯಿತು. ಹಸಿವಿನಿಂದ ಸಾಯಬೇಕಿದ್ದ ಮಗು ನೇಕಾರನಾಗಿ, ಮೇಷ್ಟ್ರಾಗಿ, ಸಂಸಾರವಂತನಾಗಿ ಬಾಳಿತು. ಆದರೆ ಹಳೆಯ ಹೆಸರು, ಊರು, ದೇವರು, ನೆಂಟರು ಎಲ್ಲವನ್ನೂ ದಾಟಿ ಬಂದ ಮೇಲೆ ಮಾತ್ರ ಅದಕ್ಕೆ ಆ ಬಾಳು ದಕ್ಕಿತು.

ಇದನ್ನು ಕಂಡು ಹಿಂದೂ ಸಮಾಜ ಬೆಚ್ಚಿತು. ಮಕ್ಕಳನ್ನು ಮಿಷನ್ನಿನವರು ಕೊಂಡೊಯ್ಯುತ್ತಾರೆ ಎಂಬ ಕೂಗಿನ ಹಿಂದೆಯೇ, ಹಾಗಾದರೆ ನಾವೇಕೆ ಅವರನ್ನು ಎತ್ತಿಕೊಳ್ಳಲಿಲ್ಲ ಎಂಬ ಪ್ರಶ್ನೆಯೂ ಎದ್ದಿತು. 1897ರ ಮತ್ತು 1899ರ ಬರಗಳಲ್ಲಿ ಲಾಲಾ ಲಜಪತ್ ರಾಯ್ ಅವರ ಮುಂದಾಳುತನದಲ್ಲಿ ಆರ್ಯಸಮಾಜದವರು ಅನಾಥ ಮಕ್ಕಳನ್ನು ಪಂಜಾಬಿಗೆ ಕರೆದೊಯ್ದದ್ದು ಈ ಎಚ್ಚರದ ಫಲ. ನಮ್ಮಲ್ಲಿ ಮಠಗಳು ಅನ್ನ ಮತ್ತು ಅಕ್ಷರದ ದಾಸೋಹವನ್ನು ವಿಸ್ತರಿಸಿದವು. ಬೆಟಗೇರಿಯ ಜನ 'ಜರ್ಮನ್ ಆಸ್ಪತ್ರೆ' ಎಂದು ಕರೆಯುವ ಬಾಸೆಲ್ ಮಿಷನ್ನಿನ ಆಸ್ಪತ್ರೆಯಿಂದ ಅನತಿ ದೂರದಲ್ಲೇ ಗದುಗಿನ ವೀರೇಶ್ವರ ಪುಣ್ಯಾಶ್ರಮವಿದೆ. ಪಂಚಾಕ್ಷರಿ ಗವಾಯಿಗಳು, ಅವರ ಬಳಿಕ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೂ ಅನಾಥ ಮಕ್ಕಳಿಗೂ ಸಂಗೀತವನ್ನೇ ಬದುಕಾಗಿ ಕೊಟ್ಟ ಜಾಗವದು. ಒಂದೇ ಜೋಡಿ ಊರಿನಲ್ಲಿ ಕರುಣೆಯ ಎರಡು ದಾರಿಗಳು ಅಕ್ಕಪಕ್ಕದಲ್ಲಿ ಸಾಗಿದವು.

ಬರದ ಮಗಳು

ಮಿಷನ್ನಿನ ಕತೆಯಲ್ಲಿ ಕೊಡುವವರು ಸದಾ ಪರದೇಶದವರು, ಪಡೆಯುವವರು ಸದಾ ನಮ್ಮವರು ಎಂಬ ತಿಳಿವಳಿಕೆಯನ್ನು ತಲೆಕೆಳಗು ಮಾಡಿದವರು ಕರ್ನಾಟಕದ ಸಹ್ಯಾದ್ರಿಯಲ್ಲೇ ಹುಟ್ಟಿದ ಒಬ್ಬ ಹೆಣ್ಣುಮಗಳು. ಪಂಡಿತಾ ರಮಾಬಾಯಿ 1858ರಲ್ಲಿ ಜನಿಸಿದ್ದು ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಸಂಪ್ರದಾಯಸ್ಥರ ಸಿಟ್ಟಿಗೆ ಗುರಿಯಾದವರು. ಪುರಾಣ ಹೇಳುತ್ತ ಊರೂರು ಅಲೆಯುತ್ತಿದ್ದ ಈ ಕುಟುಂಬ ಎಪ್ಪತ್ತರ ದಶಕದ ಬರಕ್ಕೆ ಸಿಕ್ಕಿತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ಅಣ್ಣತಂಗಿಯರು ನಡೆದುಕೊಂಡೇ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆ ಮುಟ್ಟಿದರು. ಅಲ್ಲಿನ ವಿದ್ವಾಂಸರು ಆಕೆಯ ಪಾಂಡಿತ್ಯಕ್ಕೆ ಬೆರಗಾಗಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದುಗಳನ್ನು ಕೊಟ್ಟರು.

1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದ ರಮಾಬಾಯಿ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದು ಮರುವರ್ಷ ಅದನ್ನು ಪುಣೆಗೆ ತಂದರು. 1896–97ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಿದ್ದ ಸುದ್ದಿ ಬಂದಾಗ ಅವರಿಗೆ ತಮ್ಮದೇ ಬಾಲ್ಯ ನೆನಪಾಗಿರಬೇಕು. ತಾವೇ ಅಲ್ಲಿಗೆ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಅದೇ ಹೊತ್ತಿಗೆ ಪುಣೆಗೆ ಪ್ಲೇಗು ಬಂತು; ನಗರದಲ್ಲಿ ಅಷ್ಟು ಮಕ್ಕಳನ್ನು ಇಟ್ಟುಕೊಳ್ಳಲು ಸರ್ಕಾರ ಒಪ್ಪಲಿಲ್ಲ. ಕೇಡಗಾಂವದ ಬಯಲಿನಲ್ಲಿ ಮೊದಲು ಗುಡಿಸಲು, ಆಮೇಲೆ ಕಟ್ಟಡ ಎದ್ದು 'ಮುಕ್ತಿ' ಎಂಬ ನೆಲೆ ಬೆಳೆಯಿತು. ಪ್ಲೇಗಿನ ಆಸ್ಪತ್ರೆಗಳಲ್ಲಿ ಹೆಣ್ಣುಮಕ್ಕಳಿಗೆ ಆಗುತ್ತಿದ್ದ ಅವಮಾನದ ಬಗ್ಗೆ ಪತ್ರಿಕೆಗೆ ಬರೆದು ಅವರು ಸರ್ಕಾರವನ್ನು ಕೆಣಕಿದ್ದೂ ಉಂಟು.

ರಮಾಬಾಯಿಯ ಮೇಲೆ ಮತಾಂತರದ ಆರೋಪ ಬಂತು. ಆ ಚರ್ಚೆ ಇಂದಿಗೂ ಮುಗಿದಿಲ್ಲ. ಅಮೆರಿಕದ ದಾನಿಗಳ ಹಣದಿಂದ ಮುಕ್ತಿ ನಡೆದದ್ದೂ ನಿಜ. ಆದರೂ ಅಲ್ಲಿನ ಆಡಳಿತ ಒಬ್ಬ ಭಾರತೀಯ ಹೆಣ್ಣಿನ ಕೈಯಲ್ಲಿತ್ತು; ಹಸಿವು ಏನೆಂದು ಆಕೆಗೆ ಪುಸ್ತಕ ನೋಡಿ ತಿಳಿಯಬೇಕಿರಲಿಲ್ಲ. ಇದೇ ಮಾತು ಮುಂದೆ ಆಫ್ರಿಕದಲ್ಲಿ ಮತ್ತೆ ಮತ್ತೆ ನಿಜವಾಗುವುದನ್ನು ಕಾಣುತ್ತೇವೆ.

ರೋಗ ಬೇರೆ, ಕಳಂಕ ಬೇರೆ

ಬರದಲ್ಲಿ ತಬ್ಬಲಿಯಾದ ಮಗುವನ್ನು ಮುಟ್ಟಲು ಯಾರೂ ಹೆದರುವುದಿಲ್ಲ. ಆದರೆ ಕುಷ್ಠರೋಗಿಯ ಮಗುವಿನ ಪಾಡು ಬೇರೆ. 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಕುಷ್ಠದ ರೋಗಾಣುವನ್ನು ಕಂಡುಹಿಡಿದರು. ಮರುವರ್ಷ ವೆಲೆಸ್ಲಿ ಬೈಲಿ ಭಾರತದ ಕುಷ್ಠರೋಗಿಗಳಿಗಾಗಿ ಮಿಷನ್ ಕಟ್ಟಿದರು. ಮಂಗಳೂರಿಗೆ 1878ರಲ್ಲಿ ಬಂದ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧಿ ಕೊಡತೊಡಗಿ, 1890ರಲ್ಲಿ ಕುಷ್ಠರೋಗಿಗಳಿಗೊಂದು ಆಸ್ಪತ್ರೆ ತೆರೆದರು. ಪ್ಲೇಗು ಬಂದಾಗ 1902ರಲ್ಲಿ ಅದಕ್ಕೂ ಒಂದನ್ನು ಸೇರಿಸಿದರು. ಇಂದಿನ ದೊಡ್ಡ ವೈದ್ಯಕೀಯ ಕಾಲೇಜಿನ ಮೂಲ ಇದೇ.

ಕುಷ್ಠಾಶ್ರಮಗಳನ್ನು ನಡೆಸಿದ ಮಿಷನ್ನುಗಳು ಹಲವು ಕಡೆ ರೋಗಿಗಳ ಆರೋಗ್ಯವಂತ ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ಬೇರೆ ಮನೆಗಳಲ್ಲಿ ಬೆಳೆಸಿದವು. ಸೋಂಕು ತಗಲದಿರಲಿ ಎಂಬುದು ಉದ್ದೇಶ. ಆಗಿನ ವಿದ್ಯೆಗೆ ಅದಕ್ಕಿಂತ ಒಳ್ಳೆಯ ದಾರಿ ತಿಳಿದಿರಲಿಲ್ಲ. ಆದರೆ ತಾಯಿ ಬದುಕಿದ್ದೂ ತಬ್ಬಲಿಯಾಗುವ ಮಗುವಿನ ಸಂಕಟಕ್ಕೆ ಆ ವಿದ್ಯೆಯಲ್ಲಿ ಲೆಕ್ಕವಿರಲಿಲ್ಲ. ಎಂಬತ್ತರ ದಶಕದಲ್ಲಿ ಹಲವು ಔಷಧಿಗಳನ್ನು ಕೂಡಿಸಿ ಕೊಡುವ ಚಿಕಿತ್ಸೆ ಬಂದು ಕುಷ್ಠ ಪೂರ್ತಿ ಗುಣವಾಗುವ ಕಾಯಿಲೆಯಾಯಿತು. ರೋಗಿಗಳನ್ನು ದೂರವಿಡಲೆಂದು ಬ್ರಿಟಿಷರು 1898ರಲ್ಲಿ ಮಾಡಿದ್ದ ಕಾನೂನು ಮಾತ್ರ ರದ್ದಾದದ್ದು 2016ರಲ್ಲಿ. ಔಷಧಿ ಬಂದು ಮೂವತ್ತು ವರ್ಷ ಕಳೆದರೂ ಕಳಂಕ ಕಾಯಿದೆಯ ಪುಸ್ತಕದಲ್ಲಿ ಕುಳಿತೇ ಇತ್ತು.

ಕುಷ್ಠ ಔಷಧಿಗೆ ಬಗ್ಗತೊಡಗಿದ ಆ ದಶಕದಲ್ಲೇ ಅದರ ಕಳಂಕವನ್ನು ಹೊರಲು ಮತ್ತೊಂದು ರೋಗ ಹುಟ್ಟಿಕೊಂಡಿತು.

ಸರೋವರದ ದಡದ ಬಂದರು

ಉಗಾಂಡದ ವಿಕ್ಟೋರಿಯಾ ಸರೋವರದ ದಡದಲ್ಲಿ ಕಸೆನ್ಸೆರೊ ಎಂಬ ಮೀನುಗಾರರ ಊರಿದೆ. ದೋಣಿ, ಬಲೆ, ಮೀನು ಒಯ್ಯುವ ಲಾರಿ, ಗಡಿಯಾಚೆಯ ವ್ಯಾಪಾರಿಗಳು; ಬೈತಖೋಲದವರಿಗೆ ಅಪರಿಚಿತವೆನಿಸದ ನೋಟ. ಆ ದೇಶದಲ್ಲಿ ಏಡ್ಸ್ ಮೊದಲು ಗಮನಕ್ಕೆ ಬಂದದ್ದು ಅಲ್ಲಿ, 1982ರಲ್ಲಿ. ಮೈ ಒಣಗಿ ಕಡ್ಡಿಯಾಗುವುದನ್ನು ಕಂಡ ಜನ ಅದನ್ನು 'ಸ್ಲಿಮ್' ಎಂದು ಕರೆದರು. ಪಿಡುಗು ಹೊಡೆದದ್ದು ದುಡಿಯುವ ವಯಸ್ಸಿನವರನ್ನು. ಹಳ್ಳಿಗಳಲ್ಲಿ ಅಜ್ಜಿಯರು ಮತ್ತು ಮೊಮ್ಮಕ್ಕಳು ಉಳಿದು, ನಡುವಿನ ತಲೆಮಾರು ಮಾಯವಾಯಿತು. ಏಡ್ಸಿನಿಂದ ತಂದೆಯನ್ನೋ ತಾಯಿಯನ್ನೋ ಇಬ್ಬರನ್ನೂ ಕಳೆದುಕೊಂಡ ಮಕ್ಕಳ ಸಂಖ್ಯೆ ಇಂದಿಗೂ ಜಗತ್ತಿನಲ್ಲಿ ಸುಮಾರು 1 ಕೋಟಿ 40 ಲಕ್ಷ. ಅವರಲ್ಲಿ ಹೆಚ್ಚಿನವರು ಸಹಾರದ ದಕ್ಷಿಣದ ಆಫ್ರಿಕದವರು.

ಮೊದಮೊದಲು ಪಶ್ಚಿಮದ ಎಷ್ಟೋ ಚರ್ಚುಗಳು ಇದನ್ನು ಪಾಪದ ಫಲವೆಂದು ದೂರ ನಿಂತು ನೋಡಿದವು. ಆಫ್ರಿಕದಲ್ಲೇ ಇದ್ದ ಮಿಷನ್ ಆಸ್ಪತ್ರೆಗಳಿಗೆ ಹಾಗೆ ದೂರ ನಿಲ್ಲುವ ಅವಕಾಶವಿರಲಿಲ್ಲ. ರೋಗಿಗಳು ಬಾಗಿಲಿಗೇ ಬಂದಿದ್ದರು. ಜಾಂಬಿಯಾದ ಚಿಕಂಕಾಟದಲ್ಲಿ ಸಾಲ್ವೇಶನ್ ಆರ್ಮಿಯ ಆಸ್ಪತ್ರೆ 1987ರ ಸುಮಾರಿಗೆ, ಹಾಸಿಗೆಗಳು ಸಾಲದೆ, ದಾದಿಯರನ್ನು ಹಳ್ಳಿಗೆ ಕಳಿಸಿ ಮನೆಯಲ್ಲೇ ಆರೈಕೆ ಮಾಡುವ ಕ್ರಮವನ್ನು ರೂಪಿಸಿತು. ಅದೇ ವರ್ಷ ಉಗಾಂಡದಲ್ಲಿ, ಏಡ್ಸಿನಿಂದ ಪತಿಯನ್ನು ಕಳೆದುಕೊಂಡ ನೊಯೆರಿನ್ ಕಲೀಬಾ ಜೊತೆಗಾರರೊಡನೆ 'ಟಾಸೊ' ಎಂಬ ಸಂಘ ಕಟ್ಟಿದರು. ಕೆನ್ಯದ ನೈರೋಬಿಯಲ್ಲಿ 1992ರಲ್ಲಿ ಜೆಸ್ವಿಟ್ ಪಾದ್ರಿಯೂ ವೈದ್ಯರೂ ಆದ ಏಂಜೆಲೊ ಡಿ'ಅಗಸ್ಟಿನೊ ಸೋಂಕು ತಗಲಿದ ಅನಾಥ ಮಕ್ಕಳಿಗಾಗಿ 'ನ್ಯುಂಬಾನಿ' ತೆರೆದರು. ಸ್ವಾಹಿಲಿಯಲ್ಲಿ ಆ ಮಾತಿಗೆ 'ಮನೆಯಲ್ಲಿ' ಎಂದು ಅರ್ಥ.

2000ದ ಇಸವಿಯ ನಂತರ ಗಾಳಿ ತಿರುಗಿತು. ಅಮೆರಿಕದ ದೊಡ್ಡ ಚರ್ಚುಗಳು ಆಫ್ರಿಕದ ತಬ್ಬಲಿ ಮಕ್ಕಳ ಕಡೆಗೆ ನೋಡಿದವು. ರಜೆಯಲ್ಲಿ ಎರಡು ಮೂರು ವಾರಗಳ 'ಮಿಷನ್ ಪ್ರವಾಸ'ಗಳು ಹೊರಟವು. ಬಂದವರು ಅನಾಥಾಲಯದ ಗೋಡೆಗೆ ಬಣ್ಣ ಬಳಿದರು, ಮಕ್ಕಳೊಡನೆ ಹಾಡಿದರು, ಬಟ್ಟೆಬರೆ ಹಂಚಿದರು, ಕಣ್ಣೀರಿಟ್ಟು ಹಿಂತಿರುಗಿದರು. ಅವರಲ್ಲಿ ಹಲವರು ಊರಿಗೆ ಮರಳಿ ವರ್ಷಗಟ್ಟಲೆ ಹಣ ಕಳಿಸಿದ್ದೂ ನಿಜ, ಒಂದಷ್ಟು ಮಂದಿ ಅಲ್ಲೇ ಉಳಿದು ದುಡಿದದ್ದೂ ನಿಜ. ಆದರೆ ಮಕ್ಕಳ ಕ್ಷೇಮವನ್ನು ಅಧ್ಯಯನ ಮಾಡಿದವರು ಒಂದು ಎಚ್ಚರಿಕೆ ಕೊಟ್ಟರು. ವಾರಕ್ಕೊಬ್ಬ ಹೊಸ ಅಕ್ಕ, ಹೊಸ ಅಣ್ಣ ಬಂದು ಮುದ್ದು ಮಾಡಿ ಹೊರಟುಹೋದರೆ ಮಗು ಅಷ್ಟೂ ಬಾರಿ ತಬ್ಬಲಿಯಾಗುತ್ತದೆ. ಅನಾಥಾಲಯಕ್ಕೆ ಹಣ ಬರುತ್ತದೆಂದರೆ ಅನಾಥರಲ್ಲದ ಬಡಮಕ್ಕಳೂ ಅಲ್ಲಿಗೆ ಸೇರುತ್ತಾರೆ. 'ಅನಾಥ' ಎಂದು ಲೆಕ್ಕಕ್ಕೆ ಸಿಕ್ಕ ಮಕ್ಕಳಲ್ಲಿ ಎಷ್ಟೋ ಮಂದಿಗೆ ತಂದೆಯೋ ತಾಯಿಯೋ ಇದ್ದೇ ಇದ್ದರು. ಇಬ್ಬರೂ ಇಲ್ಲದವರನ್ನೂ ಬಹುಪಾಲು ಸಾಕಿದವರು ಅಜ್ಜಿಯರು, ಚಿಕ್ಕಮ್ಮಂದಿರು, ಸೋದರತ್ತೆಯರು. ಆ ಅಜ್ಜಿಗೆ ತಿಂಗಳಿಗೊಂದು ಚೀಲ ಜೋಳದ ಹಿಟ್ಟು, ಮಗುವಿನ ಶಾಲೆಯ ಶುಲ್ಕ ತಲುಪಿಸಿದ್ದರೆ ಅನಾಥಾಲಯವೇ ಬೇಕಿರಲಿಲ್ಲ.

ಈ ಪಾಠವನ್ನು ಮಿಷನ್ನುಗಳೂ ಕಲಿತವು. ನ್ಯುಂಬಾನಿಯವರು ಕಿಟುಯಿ ಎಂಬಲ್ಲಿ ಒಂದು ಊರನ್ನೇ ಕಟ್ಟಿದರು. ಅಲ್ಲಿ ಮಕ್ಕಳನ್ನು ಕಳೆದುಕೊಂಡ ಮುದುಕಿಯರನ್ನೂ ತಂದೆತಾಯಿಯರನ್ನು ಕಳೆದುಕೊಂಡ ಮಕ್ಕಳನ್ನೂ ಒಂದೊಂದು ಸೂರಿನಡಿ ಸೇರಿಸಿ ಹೊಸ ಸಂಸಾರಗಳನ್ನು ಮಾಡಲಾಯಿತು.

ಮುಂಬಯಿಯ ಮಾತ್ರೆ

ಪ್ರೀತಿಯೊಂದರಿಂದಲೇ ಈ ಮಕ್ಕಳು ಬದುಕುವಂತಿರಲಿಲ್ಲ. ಗರ್ಭದಲ್ಲೋ ಹೆರಿಗೆಯಲ್ಲೋ ಎದೆಹಾಲಿನಲ್ಲೋ ತಾಯಿಯಿಂದ ಮಗುವಿಗೆ ಎಚ್‌ಐವಿ ದಾಟಬಲ್ಲದು. ಚಿಕಿತ್ಸೆಯೇ ಇಲ್ಲದಿದ್ದರೆ ನೂರರಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲುತ್ತದೆ. ತಾಯಿಗೆ ಸಕಾಲದಲ್ಲಿ ಔಷಧಿ ಸಿಕ್ಕರೆ ಅದು 5ಕ್ಕಿಂತ ಕೆಳಗಿಳಿಯುತ್ತದೆ. ಸೋಂಕು ತಗಲಿದ ಮಗು ದಿನವೂ ಮಾತ್ರೆ ನುಂಗಿದರೆ ಶಾಲೆಗೆ ಹೋಗಿ, ಬೆಳೆದು, ದುಡಿದು ಬಾಳಬಲ್ಲದು. 1996ರ ಹೊತ್ತಿಗೆ ಈ ಔಷಧಿಗಳು ಸಿದ್ಧವಾಗಿದ್ದವು. ಆದರೆ ಒಬ್ಬ ರೋಗಿಗೆ ವರ್ಷಕ್ಕೆ 10 ಸಾವಿರದಿಂದ 15 ಸಾವಿರ ಡಾಲರ್ ವೆಚ್ಚ. ಆಫ್ರಿಕದ ಮಗುವಿಗೆ ಅದು ಗಗನಕುಸುಮ.

ಆ ಅಂತರ ಒಬ್ಬ ಬಾಲಕನ ಮುಖದಲ್ಲಿ ಜಗತ್ತಿಗೆ ಕಂಡಿತು. ದಕ್ಷಿಣ ಆಫ್ರಿಕದ ನ್ಕೋಸಿ ಜಾನ್ಸನ್ ಹುಟ್ಟಿನಿಂದಲೇ ಸೋಂಕಿತ. 1997ರಲ್ಲಿ ಅವನನ್ನು ಶಾಲೆಗೆ ಸೇರಿಸಿಕೊಳ್ಳಬೇಕೋ ಬೇಡವೋ ಎಂಬುದು ದೇಶದ ಚರ್ಚೆಯಾಗಿ, ಸೋಂಕಿತ ಮಕ್ಕಳನ್ನು ಶಾಲೆಗಳು ದೂರವಿಡದಂಥ ನೀತಿಗೆ ದಾರಿಯಾಯಿತು. 2000ದ ಜುಲೈಯಲ್ಲಿ ಡರ್ಬನ್ನಿನ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನದಲ್ಲಿ 11 ವರ್ಷದ ಈ ಹುಡುಗ ಸಾವಿರಾರು ಜನರೆದುರು ನಿಂತು, ತಮ್ಮಂಥವರೂ ಎಲ್ಲರ ಹಾಗೆ ಮನುಷ್ಯರೇ ಎಂದು ಹೇಳಿದ. ಮುಂದಿನ ವರ್ಷ ಜೂನ್ 1ರಂದು ತೀರಿಕೊಂಡ.

ಅವನು ಸತ್ತ ವರ್ಷವೇ ಉತ್ತರ ಭಾರತದಿಂದ ಬಂತು. ಬೈತಖೋಲದ ಹಡಗುಗಳು ನೂರಾರು ವರ್ಷ ಓಡಾಡಿದ ಅದೇ ಮುಂಬಯಿಯಲ್ಲಿ 1935ರಲ್ಲಿ ಖ್ವಾಜಾ ಅಬ್ದುಲ್ ಹಮೀದ್ ಸ್ಥಾಪಿಸಿದ್ದ ಸಿಪ್ಲಾ ಕಂಪನಿ, 2001ರ ಫೆಬ್ರುವರಿಯಲ್ಲಿ, ಮೂರು ಔಷಧಿಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ ಕೊಡುವುದಾಗಿ ಗಡಿಗಳಿಲ್ಲದ ವೈದ್ಯರ ಸಂಘಕ್ಕೆ ಹೇಳಿತು. ಅಗ್ಗದ ಔಷಧಿ ತರಿಸಲು ಅವಕಾಶ ಕೊಡುವ ಕಾನೂನಿನ ವಿರುದ್ಧ ದಕ್ಷಿಣ ಆಫ್ರಿಕ ಸರ್ಕಾರವನ್ನು ನ್ಯಾಯಾಲಯಕ್ಕೆ ಎಳೆದಿದ್ದ 39 ಔಷಧಿ ಕಂಪನಿಗಳು ಅದೇ ಏಪ್ರಿಲಿನಲ್ಲಿ ದಾವೆ ಹಿಂತೆಗೆದುಕೊಂಡವು. 2003ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಬುಷ್ 'ಪೆಪ್‌ಫಾರ್' ಎಂಬ ಭಾರಿ ನೆರವಿನ ಯೋಜನೆ ಸಾರಿದರು. ಹಣ ವಾಷಿಂಗ್ಟನ್ನಿನದು, ಮಾತ್ರೆ ಬಹುಪಾಲು ಭಾರತದ್ದು. ಅದನ್ನು ಹಳ್ಳಿಯ ಅಜ್ಜಿಯ ಕೈಗೆ ತಲುಪಿಸಿದವರಲ್ಲಿ ಮಿಷನ್ ಆಸ್ಪತ್ರೆಗಳ ದಾದಿಯರು ಅನೇಕರು. ಗುಲಾಮರನ್ನು ತಂದ ಕಡಲಿನ ಮೇಲೆ ಈ ಬಾರಿ ಔಷಧಿ ಎದುರು ದಿಕ್ಕಿನಲ್ಲಿ ಸಾಗಿತು.

ನಮ್ಮ ಮನೆಯ ಮಾತು

ಭಾರತದಲ್ಲಿ ಎಚ್‌ಐವಿ ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ಪತ್ತೆ ಮಾಡಿದವರು ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ. ಮುಂದೆ ದೇಶದಲ್ಲಿ ಸೋಂಕು ಹೆಚ್ಚಾಗಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಯಿತು. ಬೆಳಗಾವಿ, ಬಾಗಲಕೋಟೆಯಂಥ ಉತ್ತರದ ಜಿಲ್ಲೆಗಳು ಹೆಚ್ಚು ನೊಂದವು. ದುಡಿಮೆಗೆ ಮುಂಬಯಿ, ಪುಣೆಗೆ ಗುಳೆ ಹೋಗುವವರ ನಾಡು ಅದು. ಉತ್ತರ ಕನ್ನಡದಲ್ಲೂ ಬಂದರುಗಳಿವೆ, ಮೀನುಗಾರರ ವಲಸೆಯಿದೆ, ಅಂಕೋಲಾ–ಹುಬ್ಬಳ್ಳಿ ಹೆದ್ದಾರಿಯಿದೆ. 2000ದ ದಶಕದಲ್ಲಿ ಬೇಲೇಕೇರಿ ಬಂದರಿಗೆ ಅದಿರು ಹೊತ್ತ ಲಾರಿಗಳು ಆ ದಾರಿಯಲ್ಲಿ ಹಗಲಿರುಳು ಸಾಲುಗಟ್ಟಿ ಹರಿದವು. ಮನೆಯಿಂದ ತಿಂಗಳುಗಟ್ಟಲೆ ದೂರವಿರುವ ಚಾಲಕರು, ವಲಸೆಗಾರರು ಏಡ್ಸ್ ತಡೆ ಕಾರ್ಯಕ್ರಮಗಳ ವಿಶೇಷ ಗಮನಕ್ಕೆ ಬಂದದ್ದು ಈ ಕಾರಣದಿಂದ. ಗಂಡನಿಂದ ಸೋಂಕು ಪಡೆದ ಹೆಂಡತಿ, ಅವಳಿಂದ ಪಡೆದ ಮಗು, ಕೊನೆಗೆ ಎಲ್ಲ ತಪ್ಪನ್ನೂ ಸೊಸೆಯ ತಲೆಗೆ ಕಟ್ಟುವ ಮನೆ. ಇದು ನಮ್ಮಲ್ಲಿ ಸಾಮಾನ್ಯ ಕತೆಯಾಯಿತು.

ಇಲ್ಲಿಯೂ ಮೊದಲು ಬಾಗಿಲು ತೆರೆದವರಲ್ಲಿ ಕ್ರೈಸ್ತ ಸಂಸ್ಥೆಗಳಿದ್ದವು. ರೋಗಿಗಳ ಸೇವೆಗಾಗಿ ಹದಿನಾರನೆಯ ಶತಮಾನದಲ್ಲಿ ಇಟಲಿಯಲ್ಲಿ ಹುಟ್ಟಿದ ಕಮಿಲಿಯನ್ ಪಂಥದವರು 1997ರಲ್ಲಿ ಬೆಂಗಳೂರಿನಲ್ಲಿ 'ಸ್ನೇಹದಾನ'ವನ್ನು ಆರಂಭಿಸಿದರು. ನಂತರದ ವರ್ಷಗಳಲ್ಲಿ ಸೋಂಕಿತ ಮಕ್ಕಳಿಗಾಗಿ ಒಂದು ಮನೆಯನ್ನೂ, ಬೆಳೆದ ಹುಡುಗ ಹುಡುಗಿಯರಿಗಾಗಿ ಕೃಷ್ಣಗಿರಿಯ ಬಳಿ 'ಸ್ನೇಹಗ್ರಾಮ'ವನ್ನೂ ಕಟ್ಟಿದರು. ಅಲ್ಲಿಯ ಮಕ್ಕಳು ದೂರದ ಓಟಗಳಲ್ಲಿ ಓಡಿ, ಸೋಂಕಿತರೆಂದರೆ ಹಾಸಿಗೆ ಹಿಡಿದವರು ಎಂಬ ಕಲ್ಪನೆಯನ್ನೇ ಅಳಿಸಿದರು. ಸರ್ಕಾರ 2004ರ ಏಪ್ರಿಲ್ 1ರಿಂದ ಉಚಿತ ಚಿಕಿತ್ಸೆ ಆರಂಭಿಸಿತು. ಮಕ್ಕಳಿಗೆಂದೇ ತಯಾರಾದ ಔಷಧಿಗಳ ಕಾರ್ಯಕ್ರಮ 2006ರ ನವೆಂಬರಿನಲ್ಲಿ ಬಂತು.

ಆದರೂ ಶಾಲೆಯ ಬಾಗಿಲಲ್ಲಿ ಮಗುವನ್ನು ತಡೆದ, ಇತರ ಪೋಷಕರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದ ಸುದ್ದಿಗಳು ಎಷ್ಟೋ ಬಾರಿ ಬಂದವು. ಜೊತೆಗೆ ಕುಳಿತರೆ, ಊಟ ಹಂಚಿಕೊಂಡರೆ, ಆಟವಾಡಿದರೆ ಎಚ್‌ಐವಿ ಹರಡದು ಎಂಬುದು ಆಗಲೇ ಹಳೆಯ ಜ್ಞಾನ. ಅರಿವು ಪುಸ್ತಕದಲ್ಲಿತ್ತು, ಭಯ ಬೆಂಚಿನ ಮೇಲಿತ್ತು.

ಇಂಥ ಭೇದವನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2017ರಲ್ಲಿ ಮಾಡಿತು. 2018ರ ಸೆಪ್ಟೆಂಬರ್ 10ರಂದು ಅದು ಜಾರಿಗೆ ಬಂತು. ಅದರಲ್ಲೊಂದು ವಿಧಿಯಿದೆ. 12 ವರ್ಷ ತುಂಬಿದ, 18 ತುಂಬದ ಹುಡುಗನೋ ಹುಡುಗಿಯೋ ಏಡ್ಸ್ ಬಾಧಿತ ಮನೆಯನ್ನು ನಡೆಸುವಷ್ಟು ಪ್ರಬುದ್ಧತೆ ಹೊಂದಿದ್ದರೆ, ತನ್ನ ತಮ್ಮತಂಗಿಯರ ಪೋಷಕನ ಸ್ಥಾನದಲ್ಲಿ ನಿಂತು ಶಾಲೆಗೆ ಸೇರಿಸಬಹುದು, ಬ್ಯಾಂಕಿನ ಖಾತೆ ನೋಡಿಕೊಳ್ಳಬಹುದು, ಆಸ್ತಿಯ ವ್ಯವಹಾರ ಮಾಡಬಹುದು, ಚಿಕಿತ್ಸೆ ಕೊಡಿಸಬಹುದು. ಮೇಲ್ನೋಟಕ್ಕೆ ಇದು ಒಣ ಕಾನೂನು. ಆದರೆ 1877ರಲ್ಲಿ ಗುಳೆ ಹೊರಟ ದಾರಿಯಲ್ಲಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ನಡೆದ ಹನ್ನೆರಡರ ಅಕ್ಕನಿಗೆ ಯಾವ ಸರ್ಕಾರವೂ ಕೊಡದ ಮನ್ನಣೆ ಇದರಲ್ಲಿದೆ. ಮಗುವಿಗೂ ಒಂದು ಮನೆಯಿದೆ, ಅದು ಒಡೆದಿದ್ದರೂ ಮನೆಯೇ, ಅದನ್ನು ಬಿಟ್ಟು ಬಂದರಷ್ಟೇ ಅನ್ನ ಎಂದು ಹೇಳಬಾರದು ಎಂಬ ತಿಳಿವಳಿಕೆ ಈ ವಿಧಿಯ ಹಿಂದಿದೆ.

ಕರುಣೆ ನಿಂತುಹೋದಾಗ

ದೂರದ ಕರುಣೆಗೆ ಒಂದು ದೌರ್ಬಲ್ಯವಿದೆ. ಅದರ ಬೇರು ಬೇರೆಯ ನೆಲದಲ್ಲಿರುತ್ತದೆ. 1914ರಲ್ಲಿ ಯೂರೋಪಿನಲ್ಲಿ ಯುದ್ಧ ಹತ್ತಿಕೊಂಡಾಗ ಬಾಸೆಲ್ ಮಿಷನ್ನಿನ ಜರ್ಮನರು ಬ್ರಿಟಿಷರಿಗೆ ಶತ್ರುಗಳಾದರು. ಅವರನ್ನು ಅಹಮದ್‌ನಗರದ ಶಿಬಿರಕ್ಕೆ ಒಯ್ದು ಕೂಡಿಹಾಕಿ, ಬಳಿಕ ದೇಶದಿಂದ ಕಳಿಸಲಾಯಿತು. ಹೆಂಚಿನ ಕಾರ್ಖಾನೆಗಳು, ಮಗ್ಗಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಸರಾಯೆವೊದಲ್ಲಿ ಹಾರಿದ ಗುಂಡು ಮಂಗಳೂರಿನ, ಹುಬ್ಬಳ್ಳಿಯ ಮಿಷನ್ ಮನೆಗಳ ಬದುಕನ್ನು ತಟ್ಟಿತು. ಅಲ್ಲಿನ ಶಾಲೆಗಳೂ ಸಭೆಗಳೂ ಉಳಿದದ್ದು ಸ್ಥಳೀಯ ಉಪದೇಶಿಗಳು, ಮೇಷ್ಟ್ರುಗಳು ಹೆಗಲು ಕೊಟ್ಟದ್ದರಿಂದ, ಬೇರೆ ಮಿಷನ್ನುಗಳು ಕೈ ಜೋಡಿಸಿದ್ದರಿಂದ.

2025ರ ಜನವರಿಯಲ್ಲಿ ಇತಿಹಾಸ ಅದೇ ಪುಟವನ್ನು ಮತ್ತೆ ತೆರೆಯಿತು. ಅಮೆರಿಕದ ಹೊಸ ಸರ್ಕಾರ ಪರದೇಶಗಳಿಗೆ ಕೊಡುವ ನೆರವನ್ನು 90 ದಿನ ತಡೆಹಿಡಿಯಿತು. ಎರಡು ಕೋಟಿಗೂ ಮಿಕ್ಕಿ ಜೀವಗಳನ್ನು ಉಳಿಸಿದ್ದೆಂದು ಅಮೆರಿಕ ತಾನೇ ಹೇಳಿಕೊಂಡಿದ್ದ ಯೋಜನೆಯೂ ಅದಕ್ಕೆ ಸಿಲುಕಿತು. ಜೀವರಕ್ಷಕ ಔಷಧಿಗೆ ವಿನಾಯಿತಿ ಘೋಷಣೆಯಾದರೂ, ಅಷ್ಟರಲ್ಲಿ ಆಫ್ರಿಕದ ಹಲವು ಚಿಕಿತ್ಸಾಲಯಗಳು ಬಾಗಿಲು ಹಾಕಿದ್ದವು, ಕಾರ್ಯಕರ್ತರು ಕೆಲಸ ಕಳೆದುಕೊಂಡಿದ್ದರು. ಜುಲೈಯಲ್ಲಿ ನೆರವನ್ನು ಹಂಚುತ್ತಿದ್ದ ಇಲಾಖೆಯನ್ನೇ ಮುಚ್ಚಲಾಯಿತು. ಎಚ್‌ಐವಿಯ ಮಾತ್ರೆಯನ್ನು ನಡುವೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ವೈರಾಣು ಮತ್ತೆ ತಲೆಯೆತ್ತುತ್ತದೆ. 2024ರ ಲೆಕ್ಕದಲ್ಲಿ ಜಗತ್ತಿನಲ್ಲಿ 14 ವರ್ಷದೊಳಗಿನ ಸೋಂಕಿತ ಮಕ್ಕಳು ಸುಮಾರು 14 ಲಕ್ಷ. ಯಾವುದೋ ರಾಜಧಾನಿಯಲ್ಲಿ ಬಿದ್ದ ಸಹಿಗೆ ಅವರ ಉಸಿರು ಕಟ್ಟಿಹಾಕಿದಂತಿದೆ.

ಭಾರತದ ಸ್ಥಿತಿ ಅಷ್ಟು ನಾಜೂಕಲ್ಲ. ಇಲ್ಲಿನ ಚಿಕಿತ್ಸೆಯ ಬಹುಪಾಲು ವೆಚ್ಚ ದೇಶದ ಬೊಕ್ಕಸದ್ದೇ, ಮಾತ್ರೆಯೂ ಇಲ್ಲಿಯದೇ. ಹಾಗೆಂದು ಮಿಷನ್ನುಗಳ ಪಾತ್ರವನ್ನು ಹಗುರವಾಗಿ ಕಾಣಬೇಕಿಲ್ಲ. ಯಾರೂ ಮುಟ್ಟದಿದ್ದ ದಿನಗಳಲ್ಲಿ ಮುಟ್ಟಿದವರು ಅವರು. ಮೊದಲ ಮನೆಯನ್ನು ತೆರೆಯುವವರು ಯಾವಾಗಲೂ ಕೆಲವರೇ. ಆದರೆ ಆ ಮನೆ ಉಳಿಯಬೇಕಾದರೆ ಅದರ ಹೊಣೆ ಊರಿನದಾಗಬೇಕು, ಕಾನೂನಿನದಾಗಬೇಕು, ಸರ್ಕಾರದ ವಾರ್ಷಿಕ ಆಯವ್ಯಯದಲ್ಲಿ ಅದಕ್ಕೊಂದು ಸಾಲು ಇರಬೇಕು. ರಮಾಬಾಯಿಯಿಂದ ಕಲೀಬಾರವರೆಗೆ ಕತೆ ಹೇಳುವುದೂ ಇದನ್ನೇ: ನೋವುಂಡವರೇ ನೆರವಿನ ಚುಕ್ಕಾಣಿ ಹಿಡಿದಾಗ ಅದು ಗಟ್ಟಿಯಾಗಿ ನಿಲ್ಲುತ್ತದೆ.

ಬೈತಖೋಲದ ಮೀನುಗಾರರಿಗೆ ಇದು ಹೊಸ ಮಾತಲ್ಲ. ಹಡಗುಗಳು ಬರುತ್ತವೆ, ಹೋಗುತ್ತವೆ. ಎಲ್ಲಿಂದಲೋ ಬಂದ ಹಡಗು ಎಂದು ಮರಳೀತೆಂದು ಯಾರೂ ಹೇಳಲಾರರು. ಗಾಳಿ ಎದ್ದ ದಿನ ದೋಣಿಯನ್ನು ಕಾಯುವುದು ಪಕ್ಕದ ಗುಡ್ಡವೇ.